ಎಣಿಸಿದ್ದಾಯಿತು, ಇನ್ನು ನೋಡಬೇಕು

ಬೆಳಗಾವಿಯ ಭಾಷೆಯ ಮಾತು ಬಂದಾಗಲೆಲ್ಲ ಜನಗಣತಿಯ ಅಂಕಿಗಳು ಸಾಕ್ಷಿಕಟ್ಟೆ ಏರುತ್ತವೆ. ರಾಜ್ಯಗಳ ಮರುವಿಂಗಡಣೆ ಕುರಿತ 1955ರ ಫಜಲ್ ಅಲಿ ವರದಿಯಿಂದ ಗಡಿ ವಿವಾದ ಕುರಿತ 1967ರ ಮಹಾಜನ ವರದಿಯವರೆಗೆ, ಅದೇ ವಿವಾದಕ್ಕಾಗಿ 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆಯ ಸುತ್ತಲೂ, ಜಗ್ಗಾಟವೆಲ್ಲ ಮಾತೃಭಾಷೆಯ ಲೆಕ್ಕದ್ದೇ. ಆದರೆ ಗಣತಿಯ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ನಮ್ಮೊಡನೆ ಆಡಿದ ಭಾಷೆ. ಇಂದು ಅಂಗಡಿಯಲ್ಲಿ, ಹೊಲದಲ್ಲಿ, ಜಗಳದಲ್ಲಿ ಆಡುವ ಭಾಷೆಯಲ್ಲ. ಬಲ್ಲ ಇತರ ಭಾಷೆಗಳಿಗೆ ಅಲ್ಲಿ ಎರಡೇ ಜಾಗ. ಮರಾಠಿ, ಕನ್ನಡ, ಕೊಂಕಣಿ, ಉರ್ದು ಹೆಣೆದುಕೊಂಡ, ಇದೇ ಜಿಲ್ಲೆಯ ಖಾನಾಪುರಕ್ಕೆ ಅದು ಸಾಲದು. ಮೇಲಾಗಿ, ಗಡಿಯೂರಿನಲ್ಲಿ ‘ನಿಮ್ಮ ಭಾಷೆ ಯಾವುದು’ ಎಂದರೆ ‘ನೀವು ಯಾರ ಕಡೆ’ ಎಂದೂ ಕೇಳಿಸುತ್ತದೆ. ಹಾಗಾಗಿ ಪ್ರಶ್ನಾವಳಿ ಸೋಲುವ ಈ ನೆಲದಲ್ಲಿ ಸಮಾಜಶಾಸ್ತ್ರದ ಹಳೆಯ ವಿಧಾನವಾದ ಅವಲೋಕನವೇ ಹೆಚ್ಚು ನಂಬಿಕೆಗೆ ಅರ್ಹ.

ಇದಕ್ಕೆ ಆಧಾರ ಪಕ್ಕದಲ್ಲೇ ಇದೆ. ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕಂಡದ್ದನ್ನು ಭಾಷಾವಿಜ್ಞಾನಿಗಳಾದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದರು. ಅಲ್ಲಿ ಜೈನರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು. ಜೊತೆಗೆ ಮರಾಠಿ, ತೆಲುಗು. ಮನೆಯೊಳಗೆ ಅವರವರ ಭಾಷೆ ಉಳಿದಿತ್ತು, ಆದರೆ ನಿತ್ಯದ ಒಡನಾಟದಲ್ಲಿ ವಾಕ್ಯರಚನೆಗಳು ಒಂದೇ ಅಚ್ಚಿಗೆ ಬಂದಿದ್ದವು. ‘ಇದು ನಿಮ್ಮ ಮನೆ’ ಎಂದು ಕ್ರಿಯಾಪದವಿಲ್ಲದೆ ಮುಗಿಸುವ ನಮ್ಮ ವಾಕ್ಯಕ್ಕೆ ಅಲ್ಲಿಯ ಕನ್ನಡದಲ್ಲಿ ಮರಾಠಿಯಂತೆ ಕೊನೆಗೊಂದು ಕ್ರಿಯಾಪದ ಬೇಕಿತ್ತು! ಆಡುವವರನ್ನೇ ಕೇಳಿದ್ದರೆ ನಾಲ್ಕು ಬೇರೆ ಭಾಷೆಗಳ ಹೆಸರು ಹೇಳುತ್ತಿದ್ದರು. ಕಿವಿಗೊಟ್ಟವರಿಗೆ ಮಾತ್ರ ಅವು ಬೆಸೆದುಕೊಂಡದ್ದು ತಿಳಿಯಿತು.

ನೋಡುವವನ ಕಣ್ಣಿಗೂ ಪಕ್ಷಪಾತವಿದೆ ಎಂಬ ಆಕ್ಷೇಪ ಸರಿಯೇ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ಮಾಡಿ, ಅದನ್ನು ‘ರಾಂಪುರ’ ಎಂದು ಕರೆದರು. ತಮ್ಮ ನೋಟ ಮೇಲ್ಜಾತಿಯ ಕಡೆಯಿಂದ ಬಂದದ್ದೆಂದು ಅವರೇ ಒಪ್ಪಿಕೊಂಡರು. ನಿಂತ ಜಾಗವನ್ನು ಹೀಗೆ ಬರೆದಿಟ್ಟರೆ ಓದುಗ ತೂಗಿ ನೋಡಬಹುದು. ಗಣತಿಯ ಕೋಷ್ಟಕದಲ್ಲಿ ಉತ್ತರಿಸಿದವನ ಅಳುಕು ಎಲ್ಲೂ ದಾಖಲಾಗುವುದಿಲ್ಲ. ನೋಡುತ್ತಿದ್ದಾರೆಂದು ತಿಳಿದರೆ ಜನ ಮಾತು ಬದಲಿಸುತ್ತಾರೆ ಎಂಬುದೂ ನಿಜ, ಬೆಳಗಾವಿಯಲ್ಲಂತೂ ಇನ್ನೂ ನಿಜ. ಆದರೆ ಅಪರಿಚಿತರೆದುರು ಯಾರು ಯಾವ ಭಾಷೆಗೆ ಹೊರಳಿದರು ಎಂಬುದೇ ಅಮೂಲ್ಯ ಮಾಹಿತಿ. ಕದ್ದು ಕೇಳುವುದು ಮಾತ್ರ ಸಲ್ಲದು. ಬಂದ ಕಾರಣ ಹೇಳಿ, ತಿಂಗಳುಗಟ್ಟಲೆ ಇದ್ದು, ಜನಕ್ಕೆ ರೂಢಿಯಾಗಬೇಕು. ಒಂದು ಊರು ಇಡೀ ಜಿಲ್ಲೆಯಾಗದು ಎನ್ನುವವರಿಗೂ ಉತ್ತರ ಇಲ್ಲೇ ಇದೆ: ಖಾನಾಪುರ ತಾಲ್ಲೂಕಿನ ನಂದಗಡದ ಪೇಟೆಯಲ್ಲಿ, ಬೆಳಗಾವಿ ನಗರದ ವಡಗಾವಿಯ ಮಗ್ಗದ ಮನೆಗಳಲ್ಲಿ ವರ್ಷವಿಡೀ ಕೂತು ಕೇಳಿದ ಮೇಲೆ ‘ಯಾರೊಡನೆ, ಯಾವ ಕೆಲಸಕ್ಕೆ, ಯಾವ ಭಾಷೆ’ ಎಂಬ ಪ್ರಶ್ನೆಯನ್ನು ಗಣತಿಯ ನಮೂನೆಗೆ ಸೇರಿಸಿ, ಆಮೇಲೆ ಬೇಕಾದರೆ ಜಿಲ್ಲೆಯನ್ನೆಲ್ಲ ಎಣಿಸಬಹುದು.