ಕರಿಗೂದಲಿಗೆ ಹೊಂಬಣ್ಣ: ಮನೆಯಲ್ಲೇ ಬಣ್ಣ ಹಚ್ಚಿಕೊಳ್ಳುವವರಿಗೆ ಕೆಲವು ಮಾತು

ಕಪ್ಪು ಕೂದಲಿಗೆ ನಮ್ಮ ಕಾವ್ಯಪರಂಪರೆಯಲ್ಲಿ ದೊರೆತಿರುವ ಮನ್ನಣೆ ಅಷ್ಟಿಷ್ಟಲ್ಲ. ಕಾರ್ಮುಗಿಲು, ತುಂಬಿಗಳ ಸಾಲು, ಇರುಳಿನ ಕತ್ತಲು ಮುಂತಾಗಿ ಕವಿಗಳು ಅದನ್ನು ಹೋಲಿಸದ ವಸ್ತುವಿಲ್ಲ. ನರೆಯಾದರೋ ವೈರಾಗ್ಯದ ಕರೆ. ಕಾಳಿದಾಸನ ರಘುವಂಶದಲ್ಲಿ ಮುಪ್ಪು ನರೆಯ ನೆವದಿಂದ ದಶರಥನ ಕಿವಿಯ ಬಳಿಗೆ ಬಂದು, ರಾಜ್ಯಲಕ್ಷ್ಮಿಯನ್ನು ರಾಮನಿಗೆ ಒಪ್ಪಿಸೆಂದು ಪಿಸುಗುಟ್ಟುತ್ತದೆ. ಇಂದು ಕಿವಿಯ ಬಳಿ ಒಂದು ಬೆಳ್ಳಿಯೆಳೆ ಕಂಡರೆ ನಾವು ವಾನಪ್ರಸ್ಥಕ್ಕೆ ಹೊರಡುವುದಿಲ್ಲ. ಡ್ರಗ್ ಸ್ಟೋರಿಗೆ ಹೊರಡುತ್ತೇವೆ.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವೂ ಉಂಟು. ತಾಯಂದಿರು ಬಿಳಿಯದನ್ನು ಕಪ್ಪಾಗಿಸಲು ಹೆಣಗುತ್ತಿರುವ ಮನೆಯಲ್ಲೇ ಮಕ್ಕಳು ಕಪ್ಪನ್ನು ಕಂದಾಗಿಸಲು, ಹೊನ್ನಾಗಿಸಲು ಹವಣಿಸುತ್ತಿರುತ್ತಾರೆ. ನನ್ನ ಮಗಳು ಕಾಲೇಜಿನಲ್ಲಿದ್ದಾಗ ತನ್ನ ಕೂದಲಿಗೆ ತಾಮ್ರವರ್ಣದ ಎಳೆಗಳು ಬೇಕೆಂದಳು. ಊರಿನಲ್ಲಿ ಅಜ್ಜಿ ಏನೆಂದಾರು ಎಂದು ನಾನು ಕೇಳಿದೆ. “ಅಮ್ಮಾ, ನೀನು ತಿಂಗಳಿಗೊಮ್ಮೆ ಬಿಳಿಯದನ್ನು ಕಪ್ಪು ಮಾಡಿಕೊಳ್ಳುತ್ತೀಯಲ್ಲ, ಅದಕ್ಕೆ ಅಜ್ಜಿ ಏನೂ ಅನ್ನಲಿಲ್ಲವಲ್ಲ?” ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಬೇಡವೆಂದರೆ ಗೆಳತಿಯರ ಕೋಣೆಯಲ್ಲಿ ಅರೆತಿಳಿವಳಿಕೆಯಿಂದ ಆಗುವ ಕೆಲಸ, ಒಪ್ಪಿದರೆ ನನ್ನ ಕಣ್ಣೆದುರಿಗೆ ಸಾವಧಾನವಾಗಿ ಆದೀತು ಎಂದು ತೀರ್ಮಾನಿಸಿದೆ. ರಸಾಯನಶಾಸ್ತ್ರವನ್ನು ಪ್ರೌಢಶಾಲೆಯಲ್ಲೇ ಬಿಟ್ಟುಬಂದ ಕಲಾ ಪದವೀಧರೆಯಾದ ನಾನು ಊರಿನ ಗ್ರಂಥಾಲಯದಲ್ಲಿ ಕುಳಿತು ಓದಿ, ಮನೆಯಲ್ಲಿ ಮಾಡಿ ನೋಡಿ ಅರಿತುಕೊಂಡ ಸಂಗತಿಗಳನ್ನು ಸೋದರಿಯರ ಮುಂದಿಡುತ್ತಿದ್ದೇನೆ. ಸೋದರರೂ ಓದಬಹುದು, ಗುಟ್ಟಾಗಿ ಬಣ್ಣ ಹಚ್ಚುವವರು ಅವರಲ್ಲೂ ಕಡಿಮೆಯಿಲ್ಲ!

ಕೂದಲಿನ ಒಳಗುಟ್ಟು

ಕೂದಲಿನ ಹೊರಮೈ ಮಂಗಳೂರು ಹೆಂಚಿನ ಮಾಡಿನಂತೆ. ಸಣ್ಣ ಸಣ್ಣ ಹುರುಪೆಗಳು ಒಂದರ ಮೇಲೊಂದು ಒರಗಿ ಒಳಗಿನ ತಿರುಳನ್ನು ಕಾಯುತ್ತವೆ. ಬಣ್ಣವಿರುವುದು ಆ ತಿರುಳಿನಲ್ಲಿ, ಮೆಲನಿನ್ ಎಂಬ ವರ್ಣಕದ ಕಣಗಳಲ್ಲಿ. ಈ ವರ್ಣಕದಲ್ಲಿ ಎರಡು ಬಗೆ: ಕಪ್ಪು-ಕಂದು ಬಣ್ಣ ಕೊಡುವ ಯೂಮೆಲನಿನ್, ಕೆಂಪು-ಹಳದಿ ಛಾಯೆ ಕೊಡುವ ಫಿಯೋಮೆಲನಿನ್. ಅಮೋನಿಯಾದಂತಹ ಕ್ಷಾರವು ಕೂದಲನ್ನು ಉಬ್ಬಿಸಿ ಹೆಂಚುಗಳನ್ನು ಸಡಿಲಿಸುತ್ತದೆ. ಹೈಡ್ರೊಜನ್ ಪೆರಾಕ್ಸೈಡ್ ಒಳನುಗ್ಗಿ ಮೆಲನಿನ್ನನ್ನು ಉತ್ಕರ್ಷಿಸಿ ಅದರ ಬಣ್ಣ ಕಳೆಯುತ್ತದೆ. ಹೀಗೆ ಹೋದ ಬಣ್ಣ ಮರಳಿ ಬಾರದು. ತಿಂಗಳಿಗೆ ಸುಮಾರು ಅರ್ಧ ಅಂಗುಲದಂತೆ ಹೊಸ ಕೂದಲು ಬೆಳೆಯುವವರೆಗೆ ಕಾಯಬೇಕು.

ಇಬ್ಬರಲ್ಲಿ ಮೊದಲು ಸೋಲುವುದು ಕಪ್ಪು ವರ್ಣಕ, ಕೆಂಪು-ಹಳದಿಯದು ಹಟಮಾರಿ. ಆದುದರಿಂದಲೇ ನಮ್ಮ ಕರಿಗೂದಲು ನೇರವಾಗಿ ಹೊಂಬಣ್ಣಕ್ಕೆ ತಿರುಗದೆ ಕೆಂಗಂದು, ಕಿತ್ತಳೆ, ಹಳದಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಭಾಗದಂತಹ ತಿಳಿಹಳದಿಗೆ ಬರುತ್ತದೆ. ಒಂದೊಂದು ಮೆಟ್ಟಿಲಿಗೂ ಕೂದಲು ತನ್ನ ಬಲದಿಂದ ಸುಂಕ ತೆರುತ್ತದೆ. ನಮ್ಮಂಥವರು ಕಂದು ಅಥವಾ ತಾಮ್ರವರ್ಣದ ಮೆಟ್ಟಿಲಲ್ಲೇ ನಿಲ್ಲುವುದು ಲೇಸು. ತಿಳಿ ಹೊಂಬಣ್ಣವೇ ಬೇಕೆಂಬವರು ಆ ಕೆಲಸವನ್ನು ಪಳಗಿದ ಕೈಗಳಿಗೆ ಒಪ್ಪಿಸಲಿ.

ಪೆರಾಕ್ಸೈಡ್ ಬಾಟಲಿಯ ಮೇಲಿನ ‘ವಾಲ್ಯೂಮ್’ ಅಂಕಿಯನ್ನು ಗಮನಿಸಬೇಕು. 10 ಎಂದರೆ ಶೇಕಡಾ 3, 20 ಎಂದರೆ 6, 30 ಎಂದರೆ 9, 40 ಎಂದರೆ 12. ಮನೆಯ ಕೆಲಸಕ್ಕೆ 20ನ್ನು ದಾಟಬಾರದು. ಹೆಚ್ಚಿನ ಅಂಕಿಯಿಂದ ಬೇಗ ಆಗುವುದು ನಿಜ, ಬೇಗ ಕೆಡುವುದೂ ನಿಜ. ಎಂದೂ ಬಣ್ಣ ಕಾಣದ ಕೂದಲು ಒಂದೆರಡು ಛಾಯೆ ತಿಳಿಯಾದರೆ ಸಾಕೆನ್ನುವವರಿಗೆ ಬ್ಲೀಚ್ ಪುಡಿಯ ಅಗತ್ಯವೇ ಇಲ್ಲ. 20 ವಾಲ್ಯೂಮಿನೊಡನೆ ಬರುವ ಸಾಮಾನ್ಯ ಕಂದು ಬಣ್ಣದ ಪೊಟ್ಟಣವೇ ಅಷ್ಟು ಕೆಲಸ ಮಾಡುತ್ತದೆ. ಆದರೆ ಮೊದಲೇ ಕಪ್ಪು ಬಣ್ಣ ಬಳಿದಿರುವ ಕೂದಲನ್ನು ಇನ್ನೊಂದು ಬಣ್ಣ ತಿಳಿಗೊಳಿಸಲಾರದು ಎಂಬುದು ನೆನಪಿರಲಿ.

ಅನುಸರಿಸಬೇಕಾದ ಕ್ರಮ

ಮೊದಲನೆಯದಾಗಿ, 48 ಗಂಟೆ ಮುಂಚೆ ಕಿವಿಯ ಹಿಂದೆ ಅಥವಾ ಮೊಳಕೈಯ ಒಳಮಗ್ಗುಲಲ್ಲಿ ಪೊಟ್ಟಣದ ಸೂಚನೆಯಂತೆ ಬಣ್ಣವನ್ನು ಪರೀಕ್ಷಿಸಬೇಕು. ಹತ್ತು ಸಲ ಒಗ್ಗಿದ ಬಣ್ಣ ಹನ್ನೊಂದನೆಯ ಸಲ ಒಗ್ಗದೆ ಹೋಗಬಹುದಾದ್ದರಿಂದ ಪ್ರತಿ ಸಲವೂ ಈ ಪರೀಕ್ಷೆ ಬೇಕು. ಎರಡನೆಯದು ಎಳೆಯ ಪರೀಕ್ಷೆ. ಹಿಂಬದಿಯಲ್ಲಿ ಕಾಣದಂತಿರುವ ಒಂದು ಎಳೆಗೆ ಹಚ್ಚಿ, ಬೇಕಾದ ಛಾಯೆಗೆ ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಟ್ಟುಕೊಳ್ಳಬೇಕು.

ತಲೆಗೆ ಎರೆದುಕೊಂಡ ದಿನವೇ ಬ್ಲೀಚ್ ಹಚ್ಚಬಾರದು. ನೆತ್ತಿಯಲ್ಲಿ ಸಹಜವಾದ ಜಿಡ್ಡು ಇರಲಿ. ಹಿಂದಿನ ರಾತ್ರಿ ಕೂದಲಿಗೆ ಕೊಬ್ಬರಿ ಎಣ್ಣೆ ಸವರುವ ನಮ್ಮ ಅಜ್ಜಿಯರ ಪದ್ಧತಿ ಇಲ್ಲಿಯೂ ಉಪಯುಕ್ತ. ಆ ಎಣ್ಣೆ ಕೂದಲಿನ ಒಳಗೆ ಇಳಿದು ಪ್ರೋಟೀನು ನಷ್ಟವನ್ನು ತಗ್ಗಿಸುತ್ತದೆಂದು ಭಾರತೀಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ್ದಾರೆ. ಕಲಸಲು ಗಾಜಿನ ಅಥವಾ ಪ್ಲಾಸ್ಟಿಕ್ ಬಟ್ಟಲು ಬೇಕು, ಲೋಹದ್ದು ಸಲ್ಲದು. ಕೈಗವಸು ಧರಿಸಿ, ಹಣೆಯಂಚಿಗೆ ವ್ಯಾಸಲೀನ್ ಸವರಿ, ಕಿಟಕಿ ತೆರೆದಿಡಬೇಕು. ಬ್ಲೀಚ್ ಪುಡಿಯಲ್ಲಿರುವ ಪರ್ಸಲ್ಫೇಟುಗಳು ಉಬ್ಬಸವನ್ನು ಕೆರಳಿಸಬಲ್ಲವು. ಆ ತೊಂದರೆಯುಳ್ಳವರು ಅದರ ಗೊಡವೆಗೆ ಹೋಗಬಾರದು. ಮಿಕ್ಕ ಮಿಶ್ರಣವನ್ನು ಬಿಗಿಯಾಗಿ ಮುಚ್ಚಿಡಲೂ ಕೂಡದು. ಅನಿಲ ತುಂಬಿ ಬಾಟಲಿ ಸಿಡಿದೀತು.

ಇಡೀ ತಲೆಗೆ ಬದಲಾಗಿ ಆಯ್ದ ಕೆಲವು ಎಳೆಗಳಿಗೆ, ಅದೂ ಬುಡದಿಂದ ಒಂದು ಅಂಗುಲ ಬಿಟ್ಟು ಹಚ್ಚುವುದು ಅತ್ಯಂತ ಕ್ಷೇಮಕರ. ಮೈಯ ಬಿಸುಪಿನಿಂದ ಬುಡದಲ್ಲಿ ಕ್ರಿಯೆ ವೇಗವಾಗಿ ನಡೆದು, ಬುಡ ಹಳದಿ, ತುದಿ ಕಂದು ಎಂಬಂತಾಗುವುದುಂಟು. ಬುಡ ಬಿಟ್ಟರೆ ನೆತ್ತಿಯೂ ಉರಿಯದು. ಐದೈದು ನಿಮಿಷಕ್ಕೊಮ್ಮೆ ಒರೆಸಿ ನೋಡುತ್ತಿರಬೇಕು. ಪೊಟ್ಟಣದಲ್ಲಿ ಹೇಳಿದ ಅವಧಿಯನ್ನು ಮೀರಬಾರದು, ಡ್ರೈಯರಿನ ಬಿಸಿ ತಾಗಿಸಬಾರದು, ಒಮ್ಮೆ ತಿಳಿಯಾದ ಭಾಗಕ್ಕೆ ಮತ್ತೆ ಹಚ್ಚಬಾರದು. ತೊಳೆದ ನಂತರ ಕಿತ್ತಳೆ ಛಾಯೆ ಕಣ್ಣು ಕುಕ್ಕಿದರೆ ನೀಲಿ, ಹಳದಿ ಕುಕ್ಕಿದರೆ ನೇರಳೆ ವರ್ಣದ ಟೋನರ್ ಅದನ್ನು ತಣಿಸುತ್ತದೆ. ನನ್ನ ಮಗಳಿಗೆ ಕಿವಿಯ ಕೆಳಗಿನ ಕೆಲವು ಎಳೆಗಳಿಗಷ್ಟೇ ಹೀಗೆ ಹಚ್ಚಿ ತಾಮ್ರವರ್ಣ ಬಂದೊಡನೆ ತೊಳೆದುಬಿಟ್ಟೆವು. ಜಡೆ ಹೆಣೆದಾಗ ಅದು ಕರಿಯ ರೇಷ್ಮೆಯ ನಡುವಣ ಜರಿಯಂತೆ ಕಾಣುತ್ತಿತ್ತೆಂದು ಒಪ್ಪಿಕೊಳ್ಳಲೇಬೇಕು.

ನಿಂಬೆರಸ ಹಿಂಡಿಕೊಂಡು ಬಿಸಿಲಿನಲ್ಲಿ ಕೂರುವ ಉಪಾಯವನ್ನು ಮಕ್ಕಳು ಹೇಳುವುದುಂಟು. ಆ ರಸ ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಸುಟ್ಟಂತಹ ಬೊಬ್ಬೆಗಳೂ ಕಲೆಗಳೂ ಏಳಬಹುದು. ಇನ್ನು ಈಜುಕೊಳದಲ್ಲಿ ಇಳಿದ ಹೊಂಗೂದಲು ಹಸುರಾಗುವುದಕ್ಕೆ ನೀರಿನಲ್ಲಿರುವ ತಾಮ್ರ ಕಾರಣವೇ ಹೊರತು ಕ್ಲೋರಿನ್ ಅಲ್ಲ. ಮುಂಚೆಯೇ ಶುದ್ಧ ನೀರಿನಲ್ಲಿ ತಲೆ ತೋಯಿಸಿಕೊಂಡು ಇಳಿದರೆ ಬಾಧೆ ಕಡಿಮೆ.

ಮದರಂಗಿಯ ಹೆಸರಿನಲ್ಲಿ

ಈಗ ನಮ್ಮ ವಯಸ್ಸಿನವರ ಮಾತು. ಫ್ರಾನ್ಸಿನ ಯೂಜೀನ್ ಶ್ಯುಲೇರ್ 1907ರಲ್ಲಿ ರಾಸಾಯನಿಕ ಕೇಶವರ್ಣವನ್ನು ಸಿದ್ಧಪಡಿಸಿ, ಮುಂದೆ ಲೋರಿಯಲ್ ಆದ ಸಂಸ್ಥೆಯನ್ನು 1909ರಲ್ಲಿ ಸ್ಥಾಪಿಸಿದ. ಇಂದಿಗೂ ಹೆಚ್ಚಿನ ಕಪ್ಪು ಬಣ್ಣಗಳ ಜೀವಾಳ ಪ್ಯಾರಾ-ಫಿನೈಲಿನ್‌ಡೈಅಮೀನ್, ಎಂದರೆ ಪಿ.ಪಿ.ಡಿ. ಎಂಬ ರಾಸಾಯನಿಕ. ಬಹುಜನರಿಗೆ ಇದರಿಂದ ತೊಂದರೆಯಿಲ್ಲ. ಒಗ್ಗದವರಿಗೆ ಮಾತ್ರ ಘೋರ.

ನನ್ನ ಆಪ್ತ ಗೆಳತಿಯೊಬ್ಬರು ರಾಸಾಯನಿಕ ಬೇಡವೆಂದು ಅಂಗಡಿಯೊಂದರಿಂದ ‘ಕಪ್ಪು ಮೆಹಂದಿ’ ತಂದು ಹಚ್ಚಿಕೊಂಡರು. ಮರುದಿನ ಬೆಳಿಗ್ಗೆ ಹಣೆ ಬಾತು, ರೆಪ್ಪೆಗಳು ಊದಿ ಕಣ್ಣು ತೆರೆಯದಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಪೊಟ್ಟಣದ ಸಣ್ಣಕ್ಷರಗಳನ್ನು ಓದಿದರೆ ಅದರಲ್ಲೂ ಪಿ.ಪಿ.ಡಿ.! ಒಮ್ಮೆ ಹೀಗೆ ಮೈ ಮುನಿದರೆ ಸಾಮಾನ್ಯವಾಗಿ ಆಜೀವ ಪರ್ಯಂತ ಮುನಿದಿರುತ್ತದೆ. ಅವರು ಈಗ ನರೆಯನ್ನು ಹಾಗೆಯೇ ಬಿಟ್ಟಿದ್ದಾರೆ. ಬೆಳ್ಳಿಗೂದಲಿನಲ್ಲಿ ಅವರ ಮುಖಕ್ಕೊಂದು ಗಾಂಭೀರ್ಯ ಬಂದಿದೆಯೆಂದೇ ನನ್ನ ಭಾವನೆ.

ಶುದ್ಧ ಮದರಂಗಿ ಕೊಡುವುದು ಕಿತ್ತಳೆಗೆಂಪು ಮಾತ್ರ. ಅದರಲ್ಲಿರುವ ಲಾಸೋನ್ ಎಂಬ ವರ್ಣದ್ರವ್ಯ ಕೂದಲಿನ ಕೆರಾಟಿನ್‌ಗೆ ಅಂಟಿಕೊಳ್ಳುತ್ತದೆ. ಕೂದಲನ್ನು ಅದು ತಿಳಿಗೊಳಿಸದು, ಕಪ್ಪಾಗಿಸದು. ಕಪ್ಪು ಬೇಕೆಂದರೆ ಮೊದಲು ಮದರಂಗಿ ಹಚ್ಚಿ ತೊಳೆದು, ಆಮೇಲೆ ನೀಲಿಯ ಎಲೆಯ ಪುಡಿಯನ್ನು ಆಗಲೇ ಕಲಸಿ ಹಚ್ಚಬೇಕು. ಕೆಲವು ಪುಡಿಗಳಲ್ಲಿ ಲೋಹದ ಲವಣಗಳಿರುತ್ತವೆ. ಅಂತಹವನ್ನು ಹಚ್ಚಿದ ಕೂದಲಿಗೆ ಪೆರಾಕ್ಸೈಡ್ ತಾಗಿದರೆ ಬಿಸಿಯೆದ್ದು ಕೂದಲು ತುಂಡರಿಸಬಹುದು. ಬಾಚಣಿಗೆಯಲ್ಲಿ ಉದುರಿದ ಕೂದಲನ್ನು ಮಿಶ್ರಣದಲ್ಲಿ ಅದ್ದಿ ನೋಡಿದರೆ ಇದು ಮೊದಲೇ ತಿಳಿಯುತ್ತದೆ. ಕೇಶವರ್ಣಗಳಲ್ಲಿ ಸೀಸದ ಅಸಿಟೇಟ್ ಬಳಸಲು ಕೊಟ್ಟಿದ್ದ ಅನುಮತಿಯನ್ನು ರದ್ದುಪಡಿಸುವ ಆದೇಶವನ್ನು ಅಮೆರಿಕದ ಎಫ್.ಡಿ.ಎ. 2018ರಲ್ಲಿ ಹೊರಡಿಸಿತು. ಹುಬ್ಬು, ರೆಪ್ಪೆಗಳಿಗೆ ತಲೆಯ ಬಣ್ಣವನ್ನು ಎಂದಿಗೂ ಹಚ್ಚಬಾರದು, ದೃಷ್ಟಿಗೇ ಸಂಚಕಾರ.

ಸಮ್ಮೇಳನಕ್ಕೆ ಬರುವವರಲ್ಲಿ ಒಂದು ವಿನಂತಿ. ಪೆಟ್ಟಿಗೆ ತುಂಬುವ ಹಿಂದಿನ ರಾತ್ರಿ ಹೊಸ ಬಣ್ಣದ ಪ್ರಯೋಗಕ್ಕೆ ಕೈಹಾಕಬೇಡಿ. ಒಂದು ವಾರ ಮೊದಲೇ ಮುಗಿಸಿಕೊಳ್ಳಿ. ಹಾಗೆಯೇ, ಸಭಾಂಗಣದಲ್ಲಿ ಕೆಂಗೂದಲ ಹುಡುಗಿಯೊಬ್ಬಳು ಎದುರಾಗಿ ಕನ್ನಡದಲ್ಲಿ “ನಮಸ್ಕಾರ ಆಂಟಿ” ಎಂದರೆ, ಅವಳ ಕೂದಲಿನ ವಿಚಾರ ಎತ್ತುವ ಮುನ್ನ ಆ ಕನ್ನಡಕ್ಕೆ ಕನ್ನಡದಲ್ಲೇ ಉತ್ತರ ಕೊಡಿ.