ವೈಫೈ ಕೂಡ ತನ್ನ ಗುರುತು ಹೇಳಬೇಕು

ಕಾಲೇಜು, ಕಚೇರಿಗಳ ವೈಫೈಗೆ ಮೊದಲ ಸಲ ಸೇರುವಾಗ ಫೋನು ಯೂಸರ್‌ನೇಮ್, ಪಾಸ್‌ವರ್ಡ್ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತದೆ: ಸಿಎ ಸರ್ಟಿಫಿಕೇಟ್ ಯಾವುದು? (ಸಿಎ ಎಂದರೆ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕಿ ಖಾತ್ರಿ ಕೊಡುವ ಸಂಸ್ಥೆ.) ಎಷ್ಟೋ ಕಡೆ ನೋಟಿಸ್ ಬೋರ್ಡಿಗೆ ಅಂಟಿಸಿದ ಸೂಚನೆಯಲ್ಲಿ ಇದಕ್ಕೆ ರೆಡಿಮೇಡ್ ಉತ್ತರ ಇರುತ್ತದೆ. 'ಡು ನಾಟ್ ವ್ಯಾಲಿಡೇಟ್' ಆರಿಸಿ, ಪಾಸ್‌ವರ್ಡ್ ಹಾಕಿ, ಕನೆಕ್ಟ್ ಒತ್ತಿ. ಹಾಗೆ ಮಾಡಿದರೆ ನೆಟ್ ಬರುತ್ತದೆ, ನಿಜ. ಆದರೆ ಕೇಂದ್ರೀಕೃತ ದೃಢೀಕರಣ ಸರ್ವರ್ ಕೂರಿಸಲು ಪಟ್ಟ ಶ್ರಮದಲ್ಲಿ ಅರ್ಧ ಅಲ್ಲೇ ನೀರುಪಾಲಾಗುತ್ತದೆ. ಬಳಕೆದಾರ ತಾನು ಯಾರೆಂದು ನೆಟ್‌ವರ್ಕ್‌ಗೆ ಸಾಬೀತು ಮಾಡಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ನೆಟ್‌ವರ್ಕ್ ಕೂಡ ತಾನು ಯಾರೆಂದು ಬಳಕೆದಾರನಿಗೆ ಸಾಬೀತು ಮಾಡಬೇಕು ಎಂಬ ಮಾತು ಬಂದಾಗ ಮಾತ್ರ 'ಆಮೇಲೆ ನೋಡೋಣ' ಎಂದಾಗುತ್ತದೆ. ಈ ಸರ್ವರ್‌ಗಳನ್ನು ಸ್ಥಾಪಿಸುವಾಗ ಆಗುವ ಎಡವಟ್ಟುಗಳಿಗೂ, ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಗೊತ್ತಾಗದೆ ಪರದಾಡುವುದಕ್ಕೂ ಈ ಮುಂದೂಡಿಕೆಯೇ ಮುಖ್ಯ ಕಾರಣ ಎಂಬುದು ನನ್ನ ವಾದ.

ವ್ಯವಸ್ಥೆ ಹೇಗೆ ನಡೆಯುತ್ತದೆಂದು ಮೊದಲು ನೋಡೋಣ. ಕ್ಯಾಂಪಸ್ಸಿನ ಚಾವಣಿಗಳಲ್ಲಿ ನೇತಾಡುವ ಆಕ್ಸೆಸ್ ಪಾಯಿಂಟ್‌ಗಳಿಗೆ ಯಾರ ಪಾಸ್‌ವರ್ಡೂ ಗೊತ್ತಿರುವುದಿಲ್ಲ, ಗೊತ್ತಿರಲೂಬಾರದು. ಅವು ಫೋನಿನ ಮಾತನ್ನು ಹಿಂದಿರುವ ಒಂದು ಸರ್ವರ್‌ಗೆ ದಾಟಿಸುತ್ತವೆ. ಅದು 'ಸರಿ' ಎಂದರೆ ಬಾಗಿಲು ತೆರೆಯುತ್ತವೆ, 'ಇಲ್ಲ' ಎಂದರೆ ಮುಚ್ಚುತ್ತವೆ. ಈ ದಾಟಿಸುವಿಕೆಯ ಭಾಷೆಯೇ ರೇಡಿಯಸ್. 1991ರಲ್ಲಿ ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಎಂಬ ಅಮೆರಿಕನ್ ಕಂಪನಿ ಡಯಲಪ್ ಮೋಡೆಮ್‌ಗಳ ಕಾಲಕ್ಕೆಂದು ಮಾಡಿದ್ದು ಅದು. ಮೋಡೆಮ್ ಹೋಯಿತು, ಲಿವಿಂಗ್‌ಸ್ಟನ್ ಕೂಡ ಹೋಯಿತು, ರೇಡಿಯಸ್ ಉಳಿಯಿತು. ಈಗ ಹೆಚ್ಚು ಬಳಕೆಯಲ್ಲಿರುವ ಅದರ ತಂತ್ರಾಂಶ ಫ್ರೀರೇಡಿಯಸ್. 1999ರಲ್ಲಿ ಶುರುವಾದ ಮುಕ್ತ ತಂತ್ರಾಂಶ. ವೈಫೈ ವಿಷಯಕ್ಕೆ ಬಂದರೆ ಫೋನು ಮತ್ತು ಸರ್ವರ್ ನಡುವೆ ಮೊದಲು ಟಿಎಲ್‌ಎಸ್ ಸುರಂಗವೊಂದು ಏಳುತ್ತದೆ. ಬ್ಯಾಂಕಿನ ವೆಬ್‌ಸೈಟಿಗೆ ಹೋದಾಗ ಬ್ರೌಸರ್ ಕಟ್ಟುವಂಥದ್ದೇ. ಪಾಸ್‌ವರ್ಡಿನ ವ್ಯವಹಾರವೆಲ್ಲ ಆ ಸುರಂಗದೊಳಗೆ. ಸುರಂಗದ ಆಚೆ ತುದಿಯಲ್ಲಿ ಇರುವವರು ನಮ್ಮವರೇ ಎಂದು ಹೇಳುವ ಏಕೈಕ ದಾಖಲೆ ಸರ್ವರಿನ ಸರ್ಟಿಫಿಕೇಟ್. ಬ್ರೌಸರ್ ಅದನ್ನು ತಾನಾಗಿಯೇ ಪರೀಕ್ಷಿಸುತ್ತದೆ, ಏಕೆಂದರೆ ನಾವು ವಿಳಾಸ ಬರೆದಿರುತ್ತೇವೆ, ತಾಳೆ ನೋಡಲು ಒಂದು ಹೆಸರಿರುತ್ತದೆ. ವೈಫೈಯಲ್ಲಿ ಅಂಥ ಹೆಸರಿಲ್ಲ. ಪಟ್ಟಿಯಲ್ಲಿ ಕಾಣುವ ನೆಟ್‌ವರ್ಕ್ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು.

ಯಾರು ಬೇಕಾದರೂ ಎಂಬುದು ಉತ್ಪ್ರೇಕ್ಷೆಯಲ್ಲ. ಒಂದು ಲ್ಯಾಪ್‌ಟಾಪು, ಅಗ್ಗದ ಯುಎಸ್‌ಬಿ ವೈಫೈ ಅಡಾಪ್ಟರು, ಪುಕ್ಕಟೆ ಸಿಗುವ ತಂತ್ರಾಂಶ ಇದ್ದರೆ ಕ್ಯಾಂಪಸ್ ವೈಫೈಯ ಹೆಸರಿನಲ್ಲೇ ಇನ್ನೊಂದನ್ನು ಕ್ಯಾಂಟೀನಿನ ಮೂಲೆಯಲ್ಲಿ ಕೂತು ನಡೆಸಬಹುದು. ಸರ್ಟಿಫಿಕೇಟ್ ನೋಡದ ಫೋನು ಹತ್ತಿರದ ಬಲವಾದ ಸಿಗ್ನಲ್ಲಿಗೆ ತಾನೇ ಹೋಗಿ ಅಂಟಿಕೊಳ್ಳುತ್ತದೆ, ಜೇಬಿನಲ್ಲಿದ್ದಾಗಲೂ. ಸುರಂಗದೊಳಗೆ ಪಾಸ್‌ವರ್ಡನ್ನು ಹಾಗೆಯೇ ಕಳಿಸುವ ವಿಧಾನವಿದ್ದರೆ ಅದು ನೇರವಾಗಿ ಕೈಸೇರಿತು. ಹೆಚ್ಚು ಕಡೆ ಇರುವುದು ಎಂಎಸ್‌ಚ್ಯಾಪ್ ಎರಡನೇ ಆವೃತ್ತಿ. ಅಲ್ಲಿ ಪಾಸ್‌ವರ್ಡ್ ಹೋಗುವುದಿಲ್ಲ, ಅದರಿಂದ ಲೆಕ್ಕ ಹಾಕಿದ ಉತ್ತರ ಹೋಗುತ್ತದೆ. ಅಷ್ಟಕ್ಕೇ ಸಮಾಧಾನಪಡುವಂತಿಲ್ಲ. 2012ರ ಡೆಫ್‌ಕಾನ್ ಸಮ್ಮೇಳನದಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಆ ಇಡೀ ಲೆಕ್ಕಾಚಾರವನ್ನು ಡಿಇಎಸ್ ಎಂಬ ಹಳೆಯ ಗೂಢಲಿಪಿಯ 56 ಬಿಟ್‌ನ ಒಂದೇ ಒಂದು ಕೀಲಿ ಹುಡುಕುವ ಕೆಲಸಕ್ಕೆ ಇಳಿಸಿ ತೋರಿಸಿದರು. ಪಾಸ್‌ವರ್ಡ್ ಎಷ್ಟೇ ಉದ್ದವಿದ್ದರೂ ವಿಶೇಷ ಯಂತ್ರವೊಂದು ಒಂದು ದಿನದೊಳಗೆ ಅದನ್ನು ಮುಗಿಸುತ್ತದೆ. ಕೇಂದ್ರೀಕರಣದ ಇನ್ನೊಂದು ಮುಖ ಕಾಣುವುದು ಇಲ್ಲಿ. ಒಂದೇ ಪಾಸ್‌ವರ್ಡಿನಲ್ಲಿ ವೈಫೈ, ಇಮೇಲ್, ಅಂಕಪಟ್ಟಿ, ಸಂಬಳದ ಚೀಟಿ ಎಲ್ಲವೂ ತೆರೆಯಬೇಕೆಂದೇ ಈ ವ್ಯವಸ್ಥೆಯನ್ನು ಕಟ್ಟುತ್ತೇವೆ. ಹಾಗಾಗಿ ಕ್ಯಾಂಟೀನಿನಲ್ಲಿ ಸೋರಿದ್ದು ವೈಫೈ ಪಾಸ್‌ವರ್ಡ್ ಮಾತ್ರ ಆಗಿರುವುದಿಲ್ಲ. 'ಬ್ಯಾಂಕಿನಿಂದ ಮಾತಾಡ್ತಿದ್ದೀನಿ, ಒಟಿಪಿ ಹೇಳಿ' ಎಂದವರಿಗೆ ಹೇಳಬೇಡಿ ಎಂದು ಊರೆಲ್ಲ ಸಾರುವ ನಾವೇ, ಫೋನುಗಳಿಗೆ ಮಾತ್ರ ಕೇಳಿದವರಿಗೆಲ್ಲ ಹೇಳು ಎಂದು ಕಲಿಸಿದ್ದೇವೆ.

ನೆಟ್‌ವರ್ಕ್ ಕೂಡ ಗುರುತು ತೋರಿಸಬೇಕೆಂಬುದು ಹೊಸ ಜ್ಞಾನವೇನೂ ಅಲ್ಲ. ಎಂಐಟಿಯಲ್ಲಿ 1983ರಲ್ಲಿ ಆರಂಭವಾದ ಪ್ರಾಜೆಕ್ಟ್ ಅಥೀನಾದಿಂದ ಹುಟ್ಟಿದ ಕೆರ್ಬರೋಸ್ ಎಂಬ ದೃಢೀಕರಣ ವ್ಯವಸ್ಥೆಯಲ್ಲಿ ಎರಡೂ ಕಡೆಯವರು ಪರಸ್ಪರ ಗುರುತು ತೋರಿಸಲು ಆಗಲೇ ಏರ್ಪಾಡಿತ್ತು. ಸಾರ್ವಜನಿಕ ಕೊಠಡಿಗಳಲ್ಲಿಟ್ಟ ಕಂಪ್ಯೂಟರನ್ನೂ ನಡುವಿನ ತಂತಿಯನ್ನೂ ನಂಬಬಾರದು ಎಂದು ಆ ವಿನ್ಯಾಸಕಾರರು ಮೊದಲೇ ಗೆರೆ ಎಳೆದಿದ್ದರು. ವಿಂಡೋಸ್‌ನ ಆಕ್ಟಿವ್ ಡೈರೆಕ್ಟರಿ ಇವತ್ತಿಗೂ ಅದರ ಮೇಲೆಯೇ ನಿಂತಿದೆ.

ಈಗ ಕೆಟ್ಟಾಗಿನ ಕಥೆ. 'ವೈಫೈ ಕನೆಕ್ಟ್ ಆಗ್ತಿಲ್ಲ' ಎಂಬ ದೂರು ಬಂದ ಕೂಡಲೇ ಅಡ್ಮಿನ್ ಮಾಡುವ ಮೊದಲ ಕೆಲಸ ಪಾಸ್‌ವರ್ಡ್ ರೀಸೆಟ್. ಫೋನು ತೋರಿಸುವುದು 'ಅಥೆಂಟಿಕೇಶನ್ ಪ್ರಾಬ್ಲಮ್' ಎಂಬ ಒಂದೇ ಸಾಲಾದ್ದರಿಂದ ಅವರನ್ನು ದೂರುವಂತೆಯೂ ಇಲ್ಲ. ಆದರೆ ಸರ್ವರನ್ನು ನಿಲ್ಲಿಸಿ ಡೀಬಗ್ ಮೋಡ್‌ನಲ್ಲಿ (ಫ್ರೀರೇಡಿಯಸ್‌ನಲ್ಲಿ ಅದಕ್ಕೆ ದೊಡ್ಡಕ್ಷರದ ಎಕ್ಸ್ ಆಯ್ಕೆ) ಮತ್ತೆ ಓಡಿಸಿ, ಪರದೆಯ ಮೇಲೆ ಹರಿಯುವ ಸಾಲುಗಳನ್ನು ಓದಿದರೆ ಕಥೆ ಬೇರೆಯೇ ಇರುತ್ತದೆ. ಒಂದು ಸಾಲೂ ಬರಲಿಲ್ಲವೆಂದರೆ ಬೇಡಿಕೆ ಸರ್ವರಿಗೆ ತಲುಪೇ ಇಲ್ಲ. ಯುಡಿಪಿ 1812 ಪೋರ್ಟನ್ನು ಫೈರ್‌ವಾಲ್ ತಡೆದಿರಬಹುದು, ಹಳೆಯ ಸಾಧನ 1645ಕ್ಕೆ ಕಳಿಸುತ್ತಿರಬಹುದು. 'ಅನ್‌ನೋನ್ ಕ್ಲೈಂಟ್' ಎಂದು ಬಂದರೆ ಆ ಆಕ್ಸೆಸ್ ಪಾಯಿಂಟಿನ ಐಪಿ ವಿಳಾಸ ಸರ್ವರಿನ ಪಟ್ಟಿಯಲ್ಲಿಲ್ಲ. ಸರ್ವರಿಗೂ ಆಕ್ಸೆಸ್ ಪಾಯಿಂಟಿಗೂ ಮಾತ್ರ ಗೊತ್ತಿರುವ ಗುಟ್ಟಿನ ಪದ, ಅಂದರೆ ಶೇರ್ಡ್ ಸೀಕ್ರೆಟ್, ತಪ್ಪಿದ್ದರೆ ಅದನ್ನೂ ಲಾಗ್ ಹೇಳುತ್ತದೆ. ಈ ಸಂದರ್ಭಗಳಲ್ಲೆಲ್ಲ ಸರ್ವರ್ 'ಇಲ್ಲ' ಎಂದು ಉತ್ತರಿಸುವುದಿಲ್ಲ, ಉತ್ತರವನ್ನೇ ಕೊಡುವುದಿಲ್ಲ. ಪರಿಚಯವಿಲ್ಲದವರೊಂದಿಗೆ ಮಾತಾಡದಿರುವುದು ಅದರ ನಿಯಮ. ಇಷ್ಟೆಲ್ಲ ಸರಿಯಿದ್ದೂ ಫೋನು ಸೇರದಿದ್ದರೆ ಲಾಗಿನಲ್ಲಿ 'ಟಿಎಲ್‌ಎಸ್ ಅಲರ್ಟ್ ರೀಡ್, ಫೇಟಲ್, ಅನ್‌ನೋನ್ ಸಿಎ' ಎಂಬ ಸಾಲು ಕಾಣಬಹುದು. ಇಲ್ಲಿ 'ರೀಡ್' ಎಂಬುದನ್ನು ಗಮನಿಸಬೇಕು. ಎಚ್ಚರಿಕೆಯನ್ನು ಸರ್ವರ್ ಬರೆದದ್ದಲ್ಲ, ಓದಿಕೊಂಡದ್ದು; ಕಳಿಸಿದ್ದು ಫೋನು. ಸರ್ವರ್ ಬಳಕೆದಾರನನ್ನು ತಿರಸ್ಕರಿಸಿಲ್ಲ, ಬಳಕೆದಾರನ ಫೋನು ಸರ್ವರನ್ನು ತಿರಸ್ಕರಿಸಿದೆ. ಪಾಸ್‌ವರ್ಡಿನ ಮಾತು ಇನ್ನೂ ಶುರುವೇ ಆಗಿಲ್ಲ. ಅದನ್ನು ಹತ್ತು ಸಲ ಬದಲಿಸಿದರೂ ಏನೂ ಆಗದು.

ಫೋನು ಹೀಗೆ ಸರ್ವರನ್ನು ತಿರಸ್ಕರಿಸಲು ಕಾರಣಗಳೂ ಬಹುಪಾಲು ಮಾಮೂಲಿಯವೇ. ಫ್ರೀರೇಡಿಯಸ್ ಪರೀಕ್ಷೆಗೆಂದು ತಾನೇ ತಯಾರಿಸಿಕೊಳ್ಳುವ ಸರ್ಟಿಫಿಕೇಟುಗಳ ಆಯಸ್ಸು ಮೂಲ ಸೆಟ್ಟಿಂಗ್‌ನಲ್ಲಿ 60 ದಿನ. ಪ್ರಯೋಗಕ್ಕೆಂದು ಇಟ್ಟದ್ದನ್ನೇ ಕಾಯಂ ಮಾಡಿದರೆ ಎರಡು ತಿಂಗಳಿಗೆ ಸರಿಯಾಗಿ ಎಲ್ಲ ನಿಲ್ಲುತ್ತದೆ. ಸರ್ಟಿಫಿಕೇಟ್ ನವೀಕರಿಸಿದವರು ನಡುವಿನ ಕೊಂಡಿಯ ಫೈಲ್ ಸೇರಿಸಲು ಮರೆತಿರಬಹುದು. ಫೋನಿನ ಗಡಿಯಾರ ಹಿಂದೆ ಬಿದ್ದಿದ್ದರೆ ಹೊಸ ಸರ್ಟಿಫಿಕೇಟ್ 'ಇನ್ನೂ ಜಾರಿಗೆ ಬಂದಿಲ್ಲ' ಎನಿಸುತ್ತದೆ. ಇನ್ನೊಂದು ಬಲೆ ಪರೀಕ್ಷೆಯದ್ದೇ. ರಾಡ್‌ಟೆಸ್ಟ್ ಎಂಬ ಪುಟ್ಟ ಸಾಧನದಿಂದ ನೋಡಿದಾಗ 'ಆಕ್ಸೆಸ್ ಆಕ್ಸೆಪ್ಟ್' ಬಂತು, ಆದರೂ ಫೋನು ಸೇರುವುದಿಲ್ಲ. ಮಾಮೂಲಾಗಿ ಓಡಿಸಿದರೆ ರಾಡ್‌ಟೆಸ್ಟ್ ಸರಳ ಪ್ಯಾಪ್ ವಿಧಾನದಲ್ಲಿ ಪಾಸ್‌ವರ್ಡನ್ನಷ್ಟೇ ತಾಳೆ ನೋಡುತ್ತದೆ, ಸುರಂಗ ಕಟ್ಟುವುದಿಲ್ಲ, ಸರ್ಟಿಫಿಕೇಟನ್ನು ಮುಟ್ಟುವುದೂ ಇಲ್ಲ. ಬಳಕೆದಾರರ ಪಟ್ಟಿಯಿರುವ ಎಲ್‌ಡ್ಯಾಪ್ ಡೈರೆಕ್ಟರಿಯಲ್ಲಿ ಪಾಸ್‌ವರ್ಡುಗಳು ಎಸ್‌ಎಸ್‌ಎಚ್‌ಎ ಎಂಬ, ಮೂಲಕ್ಕೆ ಮರಳಿಸಲಾಗದ ಹ್ಯಾಷ್ ರೂಪದಲ್ಲಿದ್ದರೆ ಪ್ಯಾಪ್ ಗೆಲ್ಲುತ್ತದೆ, ಎಂಎಸ್‌ಚ್ಯಾಪ್ ಗೆಲ್ಲಲು ಸಾಧ್ಯವೇ ಇಲ್ಲ, ಏಕೆಂದರೆ ಅದಕ್ಕೆ ಎನ್‌ಟಿ ಹ್ಯಾಷ್ ಅಥವಾ ಮೂಲ ಪಾಸ್‌ವರ್ಡೇ ಬೇಕು. ಸೆಟ್ಟಿಂಗ್ ತಿದ್ದಿ ತಿದ್ದಿ ದಿನ ಕಳೆಯುವವರು ಇದನ್ನು ಮೊದಲು ನೋಡುವುದು ಒಳ್ಳೆಯದು. ಇಲ್ಲಿ ತಿದ್ದಲು ಏನೂ ಇಲ್ಲ, ಗಣಿತವೇ ಒಪ್ಪುವುದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಸಾವಿರಾರು ಫೋನುಗಳಿಗೆ ಸರ್ಟಿಫಿಕೇಟ್ ಹಾಕಿಸುವವರು ಯಾರು? ಇಬ್ಬರೇ ಇರುವ ಐಟಿ ವಿಭಾಗಕ್ಕೆ ಅಡ್ಮಿಷನ್ ತಿಂಗಳಲ್ಲಿ ಇದು ಆಗುವ ಹೋಗುವ ಮಾತೇ? ಕೈಯಿಂದ ಒಂದೊಂದನ್ನೇ ಮಾಡುವುದಾದರೆ ಆಗದ ಮಾತು, ಒಪ್ಪುತ್ತೇನೆ. ಆದರೆ ಸರ್ಟಿಫಿಕೇಟ್, ಸರ್ವರಿನ ಹೆಸರು, ವಿಧಾನ ಎಲ್ಲವನ್ನೂ ಒಳಗೊಂಡ ಪ್ರೊಫೈಲ್ ಫೈಲನ್ನು ಒಮ್ಮೆ ಮಾಡಿಟ್ಟು ಲಿಂಕ್ ಹಂಚಿದರೆ ಬಳಕೆದಾರ ಒಂದೆರಡು ಸಲ ಒತ್ತುವುದರಲ್ಲಿ ಕೆಲಸ ಮುಗಿಯುತ್ತದೆ. ಆಯ್ಕೆಯೂ ಈಗ ಪೂರ್ತಿ ನಮ್ಮ ಕೈಯಲ್ಲಿಲ್ಲ. 2020ರ ಡಿಸೆಂಬರ್‌ನಲ್ಲಿ ಬಂದ ಆಂಡ್ರಾಯ್ಡ್ 11ರ ಅಪ್‌ಡೇಟ್ ಮೊದಲು ಪಿಕ್ಸೆಲ್ ಫೋನುಗಳಲ್ಲಿ 'ಡು ನಾಟ್ ವ್ಯಾಲಿಡೇಟ್' ಆಯ್ಕೆಯನ್ನೇ ಕಿತ್ತುಹಾಕಿತು. ನೋಟಿಸ್ ಬೋರ್ಡಿನ ಸೂಚನೆ ಅಂಥ ಫೋನಿನಲ್ಲಿ ಮೊದಲ ಹೆಜ್ಜೆಗೇ ನಿಂತುಹೋಗುತ್ತದೆ. ಅಲ್ಲಿಗೆ ಶಾರ್ಟ್‌ಕಟ್ಟೇ ಹೆಚ್ಚು ದೂರುಗಳನ್ನು ತರುತ್ತದೆ.

ಹಾಗಾದರೆ ವೆಬ್‌ಸೈಟಿಗೆ ಕೊಳ್ಳುವಂತೆ ಸಾರ್ವಜನಿಕ ಸಿಎ ಸಂಸ್ಥೆಯ ಸರ್ಟಿಫಿಕೇಟನ್ನೇ ಹಾಕಿದರೆ ಮುಗಿಯಲಿಲ್ಲವೇ, ಫೋನು ಅದನ್ನು ಆಗಲೇ ನಂಬುತ್ತದಲ್ಲ ಎನ್ನುವವರಿದ್ದಾರೆ. ಇದು ಅರ್ಧ ಸರಿ. ಫೋನಿನಲ್ಲಿ ಸರ್ವರಿನ ಡೊಮೈನ್ ಹೆಸರನ್ನೂ ನಮೂದಿಸದಿದ್ದರೆ, ಅದೇ ಸಂಸ್ಥೆಯಿಂದ ತನ್ನ ಸ್ವಂತ ಡೊಮೈನಿಗೆ ಸರ್ಟಿಫಿಕೇಟ್ ಪಡೆದ ಕ್ಯಾಂಟೀನಿನ ಲ್ಯಾಪ್‌ಟಾಪ್ ಕೂಡ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಇನ್ನೊಂದು ತೊಡಕು ಆಯಸ್ಸಿನದು. ಸಾರ್ವಜನಿಕ ಸರ್ಟಿಫಿಕೇಟುಗಳ ಗರಿಷ್ಠ ಅವಧಿಯನ್ನು 2020ರಲ್ಲಿ 398 ದಿನಕ್ಕೆ ಇಳಿಸಲಾಯಿತು. ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಸಂಸ್ಥೆಗಳೂ ಕೂಡಿರುವ ವೇದಿಕೆ 2025ರಲ್ಲಿ ತೆಗೆದುಕೊಂಡ ನಿರ್ಧಾರದಂತೆ 2029ರ ಮಾರ್ಚ್ ಹೊತ್ತಿಗೆ ಅದು 47 ದಿನಕ್ಕೆ ಬರಲಿದೆ. ವೆಬ್‌ಸೈಟಿನಲ್ಲಿ ಬದಲಾವಣೆ ಯಾರ ಗಮನಕ್ಕೂ ಬಾರದು. ವೈಫೈಯಲ್ಲಿ ಕೆಲವು ಸಾಧನಗಳು ಪ್ರತಿ ಸಲವೂ 'ಹೊಸ ಸರ್ಟಿಫಿಕೇಟ್, ನಂಬುತ್ತೀರಾ?' ಎಂದು ಕೇಳುತ್ತವೆ. ಕೇಳಿದ್ದಕ್ಕೆಲ್ಲ 'ಹೌದು' ಒತ್ತುವ ಅಭ್ಯಾಸ ಬೆಳೆದರೆ ಬಂದ ಲಾಭವೇ ಹೋಯಿತು. ಕಾಲೇಜು ಅಥವಾ ಕಚೇರಿಯೇ ತನ್ನದೊಂದು ಖಾಸಗಿ ಸಿಎ ಮಾಡಿಕೊಂಡು, ಅದರ ಮೂಲ ಕೀಲಿಯನ್ನು ನೆಟ್‌ವರ್ಕ್ ಸಂಪರ್ಕವಿಲ್ಲದ ಕಡೆ ಭದ್ರವಾಗಿಟ್ಟು, ಪ್ರೊಫೈಲ್ ಮೂಲಕ ಹಂಚುವುದೇ ಮೇಲು.

'ನಮ್ಮ ಕಾಲೇಜಿಗೆ ಯಾರ್ರೀ ಬರ್ತಾರೆ ಹ್ಯಾಕ್ ಮಾಡೋಕೆ' ಎಂಬ ಮಾತಿಗೆ ಎಡುರೋಮ್ ಒಳ್ಳೆಯ ಉತ್ತರ. ಯುರೋಪಿನಲ್ಲಿ ಹುಟ್ಟಿ ಲೋಕವೆಲ್ಲ ಹರಡಿದ ಈ ಏರ್ಪಾಡಿನಲ್ಲಿ ಒಂದು ವಿಶ್ವವಿದ್ಯಾಲಯದ ಗುರುತಿನಿಂದ ಇನ್ನೊಂದರ ವೈಫೈ ಬಳಸಬಹುದು. ಭಾರತದಲ್ಲಿ ಇದರ ಹೊಣೆ ಎರ್ನೆಟ್ ಸಂಸ್ಥೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇದರಲ್ಲಿದೆ. ಅಲ್ಲಿನ ವಿದ್ಯಾರ್ಥಿ ಜರ್ಮನಿಯ ಯಾವುದೋ ಕ್ಯಾಂಪಸ್ಸಿಗೆ ಹೋದರೆ ಆಕೆಯ ಫೋನಿನ ಬೇಡಿಕೆ ಹಲವು ಮಧ್ಯವರ್ತಿ ಸರ್ವರುಗಳನ್ನು ದಾಟಿ ಬೆಂಗಳೂರಿಗೆ ಬರುತ್ತದೆ. ನಡುವಿನವರಿಗೆ ಪಾಸ್‌ವರ್ಡ್ ಕಾಣದಂತೆ ಕಾಯುವುದು ಆ ಸುರಂಗ, ಸುರಂಗ ಬೆಂಗಳೂರಿನಲ್ಲೇ ಮುಗಿಯುತ್ತದೆಂದು ಖಾತ್ರಿ ಕೊಡುವುದು ಆ ಸರ್ಟಿಫಿಕೇಟ್. ನೆಟ್‌ವರ್ಕ್ ಹೆಸರು ಎಲ್ಲೆಡೆ ಒಂದೇ ಆದ್ದರಿಂದ ನಕಲಿ ಮಾಡುವವನಿಗೆ ಕಾಲೇಜಿನ ಗೇಟಿನೊಳಗೆ ಬರುವ ಅಗತ್ಯವೂ ಇಲ್ಲ, ಬಸ್ ನಿಲ್ದಾಣ ಸಾಕು.

ಆಕ್ಸೆಸ್ ಪಾಯಿಂಟ್ ಮತ್ತು ಸರ್ವರ್ ನಡುವಿನ ದಾರಿಯೂ ಇದೇ ಪಾಠ ಹೇಳಿತು, ಸ್ವಲ್ಪ ತಡವಾಗಿ. ಸರ್ವರಿನ ಉತ್ತರ ನಿಜಕ್ಕೂ ಸರ್ವರಿನದೇ ಎಂದು ತೋರಿಸಲು ರೇಡಿಯಸ್ ಎಂಡಿ5 ಎಂಬ ಹಳೆಯ, ದುರ್ಬಲ ಲೆಕ್ಕವನ್ನು ನೆಚ್ಚಿಕೊಂಡಿತ್ತು. ನಡುವೆ ಕೂತವನು 'ಇಲ್ಲ' ಎಂಬ ಉತ್ತರವನ್ನು 'ಸರಿ' ಎಂದು ತಿದ್ದಬಹುದೆಂದು 2024ರ ಜುಲೈನಲ್ಲಿ ಬಯಲಾದ ಬ್ಲಾಸ್ಟ್‌ರೇಡಿಯಸ್ ದಾಳಿ ತೋರಿಸಿತು, ಅದೂ ಪಾಸ್‌ವರ್ಡ್ ಗೊತ್ತಿಲ್ಲದೆ. ವೈಫೈಯ ಸುರಂಗ ವಿಧಾನಗಳಿಗೆ ಮೆಸೇಜ್ ಅಥೆಂಟಿಕೇಟರ್ ಎಂಬ ಮುದ್ರೆ ಕಡ್ಡಾಯವಿದ್ದುದರಿಂದ ಅವು ಬಚಾವಾದವು. ವಿಪಿಎನ್, ಸ್ವಿಚ್‌ಗಳ ಅಡ್ಮಿನ್ ಲಾಗಿನ್ ಮುಂತಾದ ಕಡೆ ಪ್ಯಾಪ್ ನೆಚ್ಚಿದವರು ಸಿಕ್ಕಿಬಿದ್ದರು. ಅಪ್‌ಡೇಟ್ ಹಾಕಿದರಷ್ಟೇ ಸಾಲದು, ಆ ಮುದ್ರೆಯಿಲ್ಲದ ಪ್ಯಾಕೆಟ್ಟನ್ನು ಒಪ್ಪಬೇಡ ಎಂಬ ಸೆಟ್ಟಿಂಗನ್ನು ಎರಡೂ ತುದಿಗಳಲ್ಲಿ ಆನ್ ಮಾಡಬೇಕು. ಸರ್ವರ್ ಸಿದ್ಧವಾಯಿತು ಎನ್ನುವ ಮೊದಲು ಇನ್ನೊಂದು ಪರೀಕ್ಷೆಯೂ ಬಾಕಿ ಇರುತ್ತದೆ. ಈಪೋಲ್‌ಟೆಸ್ಟ್ ಎಂಬ ಸಾಧನಕ್ಕೆ ಸರಿಯಾದ ಪಾಸ್‌ವರ್ಡ್ ಕೊಟ್ಟು, ಬೇಕೆಂದೇ ತಪ್ಪು ಸಿಎ ಫೈಲ್ ಕೊಟ್ಟು ಓಡಿಸಿ ನೋಡಬೇಕು. ಆಮೇಲೆ ಅದೇ ಹೆಸರಿನ ನಕಲಿ ವೈಫೈಯೊಂದನ್ನು ನಮ್ಮದೇ ಲ್ಯಾಬಿನಲ್ಲಿ ಎಬ್ಬಿಸಿ, ಪ್ರೊಫೈಲ್ ಹಾಕಿದ ಫೋನೊಂದನ್ನು ಪಕ್ಕದಲ್ಲಿಡಬೇಕು. ಎರಡು ಕಡೆಯೂ ಕನೆಕ್ಷನ್ ಸೋಲಬೇಕು. ಗೆದ್ದರೆ ಕೆಲಸ ಇನ್ನೂ ಮುಗಿದಿಲ್ಲ.