ನಾಲ್ಕೂವರೆ ಸುತ್ತು: ಹನ್ಯು ಕೊನೆಯ ಸೀಸನ್‌ನಲ್ಲಿ ಅಭಿಮಾನಿಗಳು ಕಾದಿದ್ದು ಯಾವುದಕ್ಕೆ?

2022ರ ಬೀಜಿಂಗ್ ಒಲಿಂಪಿಕ್ಸ್‌ನ ಪುರುಷರ ಫಿಗರ್ ಸ್ಕೇಟಿಂಗ್‌ನಲ್ಲಿ ಚಿನ್ನ ಗೆದ್ದವರು ಅಮೆರಿಕದ ನೇಥನ್ ಚೆನ್. ಬೆಳ್ಳಿ ಜಪಾನ್‌ನ ಯುಮಾ ಕಾಗಿಯಾಮಾಗೆ, ಕಂಚು ಅದೇ ದೇಶದ ಶೋಮಾ ಉನೊಗೆ. ಆದ್ರೆ ಆ ಸ್ಪರ್ಧೆ ನೋಡಿದ ಎಷ್ಟೋ ಜನ ಇವತ್ತಿಗೂ ಮಾತಾಡೋದು ನಾಲ್ಕನೇ ಸ್ಥಾನ ಬಂದವನ ಬಗ್ಗೆ. ಅವನು ಬಿದ್ದ ಒಂದು ಜಂಪ್ ಬಗ್ಗೆ.

ಬಿದ್ದ ಜಂಪ್‌ಗೆ ಯಾಕೆ ಇಷ್ಟು ಮಹತ್ವ? ಅದನ್ನ ಅರ್ಥ ಮಾಡ್ಕೊಳ್ಳೋಕೆ ಸ್ವಲ್ಪ ಇತಿಹಾಸ, ಸ್ವಲ್ಪ ಫಿಸಿಕ್ಸ್, ಸ್ವಲ್ಪ ಲೆಕ್ಕ ಬೇಕು. ಮೂರೂ ನಮಗೆ ಕಷ್ಟವೇನಲ್ಲ.

ಯಾರು ಈ ಹನ್ಯು?

ಯುಜುರು ಹನ್ಯು ಹುಟ್ಟಿದ್ದು 1994ರ ಡಿಸೆಂಬರ್ 7ರಂದು, ಜಪಾನ್‌ನ ಸೆಂಡೈ ನಗರದಲ್ಲಿ. ಚಿಕ್ಕಂದಿನಿಂದ ಆಸ್ತಮಾ. 2011ರ ಮಾರ್ಚ್ 11ರಂದು ದೊಡ್ಡ ಭೂಕಂಪ ಆದಾಗ ಅವನು ತನ್ನ ಊರಿನ ರಿಂಕ್‌ನಲ್ಲಿ ಪ್ರಾಕ್ಟೀಸ್ ಮಾಡ್ತಿದ್ದ. ಕಾಲಲ್ಲಿ ಸ್ಕೇಟ್ ಇದ್ದ ಹಾಗೇ ಹೊರಗೆ ಓಡಿದ. ಮನೆಯವರ ಜೊತೆ ಕೆಲವು ದಿನ ನಿರಾಶ್ರಿತರ ಶಿಬಿರದಲ್ಲಿ ಕಳೆದ. ಆಗ ಅವನಿಗೆ 16 ವರ್ಷ.

ಮೂರು ವರ್ಷದ ನಂತರ, 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಚಿನ್ನ. ಆಗ ಅವನ ವಯಸ್ಸು 19, ಅಂದ್ರೆ ಇದನ್ನ ಓದ್ತಿರೋ ನಮ್ಮಲ್ಲಿ ಬಹಳ ಜನರ ವಯಸ್ಸು. ಪುರುಷರ ಸಿಂಗಲ್ಸ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಮೊದಲ ಏಷ್ಯನ್ ಅವನೇ. 2015ರಲ್ಲಿ ಒಟ್ಟು 300 ಅಂಕ ದಾಟಿದ ಮೊದಲಿಗನಾದ. 2017ರ ನವೆಂಬರ್‌ನಲ್ಲಿ ಬಲ ಪಾದದ ಕೀಲಿನ ಲಿಗಮೆಂಟ್‌ಗೆ ಪೆಟ್ಟಾಗಿ ತಿಂಗಳುಗಟ್ಟಲೆ ಸ್ಪರ್ಧೆಯಿಂದ ಹೊರಗಿದ್ದವನು, 2018ರ ಫೆಬ್ರವರಿಯಲ್ಲಿ ನೇರವಾಗಿ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ಗೆ ಬಂದು ಮತ್ತೆ ಚಿನ್ನ ಗೆದ್ದ. ಸತತ ಎರಡು ಒಲಿಂಪಿಕ್ಸ್ ಗೆಲ್ಲೋದು ಪುರುಷರಲ್ಲಿ 66 ವರ್ಷದಿಂದ ಯಾರಿಗೂ ಆಗಿರಲಿಲ್ಲ.

ಇಷ್ಟೆಲ್ಲ ಗೆದ್ದ ಮೇಲೆ ಇನ್ನೇನು ಬಾಕಿ? ಅವನ ಪ್ರಕಾರ ಒಂದೇ ಒಂದು. ಕ್ವಾಡ್ ಆ್ಯಕ್ಸೆಲ್.

ಆ್ಯಕ್ಸೆಲ್ ಯಾಕೆ ಬೇರೆ?

ಫಿಗರ್ ಸ್ಕೇಟಿಂಗ್‌ನಲ್ಲಿ ಮುಖ್ಯವಾಗಿ ಆರು ಬಗೆಯ ಜಂಪ್‌ಗಳಿವೆ. ಐದರಲ್ಲಿ ಸ್ಕೇಟರ್ ಹಿಮ್ಮುಖವಾಗಿ ಹಾರ್ತಾನೆ. ಆ್ಯಕ್ಸೆಲ್ ಒಂದರಲ್ಲಿ ಮಾತ್ರ ಮುಮ್ಮುಖವಾಗಿ. ಆದ್ರೆ ಇಳಿಯೋದು ಎಲ್ಲದರಲ್ಲೂ ಹಿಮ್ಮುಖವಾಗಿಯೇ. ಹಾಗಾಗಿ ಆ್ಯಕ್ಸೆಲ್‌ನಲ್ಲಿ ಅರ್ಧ ಸುತ್ತು ಜಾಸ್ತಿ. ಸಿಂಗಲ್ ಅಂದ್ರೆ ಒಂದೂವರೆ, ಟ್ರಿಪಲ್ ಅಂದ್ರೆ ಮೂರೂವರೆ, ಕ್ವಾಡ್ ಅಂದ್ರೆ ನಾಲ್ಕೂವರೆ.

ಈ ಜಂಪ್‌ನ ಇತಿಹಾಸ ನೋಡಿ. ನಾರ್ವೆಯ ಆ್ಯಕ್ಸೆಲ್ ಪೌಲ್ಸೆನ್ ಮೊದಲು ಮಾಡಿದ್ದು 1882ರಲ್ಲಿ. ಡಬಲ್ ಆ್ಯಕ್ಸೆಲ್ ಸ್ಪರ್ಧೆಯಲ್ಲಿ ಮೊದಲು ಬಂದದ್ದು 1948ರಲ್ಲಿ, ಡಿಕ್ ಬಟನ್ ಕಾಲಲ್ಲಿ. ಟ್ರಿಪಲ್ 1978ರಲ್ಲಿ, ಕೆನಡಾದ ವರ್ನ್ ಟೇಲರ್ ಕಾಲಲ್ಲಿ. ಆಮೇಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಮುಂದಿನ ಮೆಟ್ಟಿಲು ಖಾಲಿ ಇತ್ತು.

ಯಾಕೆ ಅಂತ ಒಂದು ಸರಳ ಲೆಕ್ಕ ಮಾಡೋಣ. ಒಬ್ಬ ಸ್ಕೇಟರ್ 60 ಸೆಂಟಿಮೀಟರ್ ಎತ್ತರ ಹಾರ್ತಾನೆ ಅಂತಿಟ್ಕೊಳ್ಳಿ. ಮೇಲೆ ಹೋಗಿ ಕೆಳಗೆ ಬರೋಕೆ ಸುಮಾರು 0.7 ಸೆಕೆಂಡ್ ಆಗುತ್ತೆ. ಅಷ್ಟರಲ್ಲಿ ಮೂರೂವರೆ ಸುತ್ತು ಅಂದ್ರೆ ಸೆಕೆಂಡ್‌ಗೆ 5 ಸುತ್ತು, 300 ಆರ್‌ಪಿಎಂ. ನಾಲ್ಕೂವರೆ ಅಂದ್ರೆ ಸುಮಾರು 385 ಆರ್‌ಪಿಎಂ. (ನಿಜದಲ್ಲಿ ಸುತ್ತಿನ ಒಂದು ಭಾಗ ಹಾರೋ ಮುಂಚೆ ಐಸ್ ಮೇಲೇ ಶುರುವಾಗುತ್ತೆ, ಹಾಗಾಗಿ ಸಂಖ್ಯೆ ಸ್ವಲ್ಪ ಕಡಿಮೆ. ಆದ್ರೆ ಕಷ್ಟದ ಅಂದಾಜು ಸಿಗುತ್ತೆ.)

ಸರಿ, ವೇಗ ಹೆಚ್ಚಿಸೋದು ಬೇಡ, ಎತ್ತರ ಹೆಚ್ಚಿಸೋಣ ಅಂದ್ರೆ? ಗಾಳಿಯಲ್ಲಿರೋ ಸಮಯ ಎತ್ತರದ ವರ್ಗಮೂಲಕ್ಕೆ ತಕ್ಕ ಹಾಗೆ ಹೆಚ್ಚುತ್ತೆ. ಅದೇ ವೇಗದಲ್ಲಿ ಇನ್ನೊಂದು ಸುತ್ತು ಬೇಕಾದ್ರೆ 60 ಸೆಂಟಿಮೀಟರ್ ಸಾಲಲ್ಲ, ಒಂದು ಮೀಟರ್ ಹತ್ತಿರ ಹಾರಬೇಕು. ಅದು ಆಗದ ಮಾತು. ಉಳಿದ ದಾರಿ ಒಂದೇ. ಆ್ಯಂಗುಲರ್ ಮೊಮೆಂಟಮ್ ಹಾರುವಾಗ ಎಷ್ಟು ಸಿಕ್ಕಿತೋ ಅಷ್ಟೇ, ಗಾಳಿಯಲ್ಲಿ ಹೆಚ್ಚಿಸೋಕಾಗಲ್ಲ. ಆದ್ದರಿಂದ ಕೈಕಾಲು ಆದಷ್ಟು ಬೇಗ, ಆದಷ್ಟು ಬಿಗಿಯಾಗಿ ಎಳೆದುಕೊಂಡು ಮೊಮೆಂಟ್ ಆಫ್ ಇನರ್ಷಿಯಾ ಕಡಿಮೆ ಮಾಡಬೇಕು. ಆಮೇಲೆ ಇಳಿಯೋ ಕ್ಷಣಕ್ಕೆ ಸರಿಯಾಗಿ ಮತ್ತೆ ಕೈ ಬಿಚ್ಚಬೇಕು. ಕೆಳಗೆ ಬಂದಾಗ ದೇಹದ ತೂಕದ ಹಲವು ಪಟ್ಟು ಬಲ ಒಂದೇ ಪಾದದ ಮೇಲೆ, ಒಂದು ಸಣ್ಣ ಬ್ಲೇಡ್ ಮೇಲೆ ಬೀಳುತ್ತೆ. ಹನ್ಯು ಇಳಿಯೋದು ಬಲಗಾಲಲ್ಲಿ. 2017ರಲ್ಲಿ ಪೆಟ್ಟಾದದ್ದು, 2018ರ ನವೆಂಬರ್‌ನಲ್ಲಿ ಮತ್ತೆ ಪೆಟ್ಟಾದದ್ದು ಅದೇ ಕಾಲಿಗೆ.

ಮೂರು ಆಸೆ, ಒಂದಕ್ಕೊಂದು ವಿರುದ್ಧ

2021-22ರ ಸೀಸನ್ ಶುರುವಾದಾಗ ‘ಇದೇ ಕೊನೆ’ ಅಂತ ಹನ್ಯು ಘೋಷಿಸಿರಲಿಲ್ಲ. ಆದ್ರೆ 27 ತುಂಬ್ತಾ ಇದೆ, ಕಾಲು ಸರಿಯಿಲ್ಲ, ಕೋವಿಡ್ ಬಂದ ಮೇಲೆ ಟೊರೊಂಟೊದ ಕೋಚ್‌ಗಳಿಂದ ದೂರ ಸೆಂಡೈನಲ್ಲಿ ಒಬ್ಬನೇ ಪ್ರಾಕ್ಟೀಸ್ ಮಾಡ್ತಿದ್ದಾನೆ. ಅಭಿಮಾನಿಗಳಿಗೆ ಅಂದಾಜಿತ್ತು.

ಅವರ ಆಸೆಗಳು ಮೂರು. ಒಂದು, ಮೂರನೇ ಚಿನ್ನ. ಪುರುಷರ ಸಿಂಗಲ್ಸ್‌ನಲ್ಲಿ ಸತತ ಮೂರು ಗೆದ್ದವರು ಸ್ವೀಡನ್‌ನ ಗಿಲ್ಲಿಸ್ ಗ್ರಾಫ್‌ಸ್ಟ್ರೋಮ್ ಮಾತ್ರ, ಅದೂ 1928ರಲ್ಲಿ. ಎರಡು, ಕ್ವಾಡ್ ಆ್ಯಕ್ಸೆಲ್. ಮೂರು, ಇನ್ನೊಂದು ಪೆಟ್ಟಾಗದೆ ಸೀಸನ್ ಮುಗಿದ್ರೆ ಸಾಕು.

ಹದಿನೆಂಟು ಸೀಸನ್ ‘ಈ ಸಲ ಕಪ್ ನಮ್ದೇ’ ಅಂದ ಊರಿನವರಿಗೆ ಆಸೆ ಇಟ್ಕೊಳ್ಳೋದನ್ನ ಯಾರೂ ಕಲಿಸಬೇಕಿಲ್ಲ. ಆದ್ರೆ ಇಲ್ಲಿ ತೊಂದರೆ ಬೇರೆ: ಈ ಮೂರು ಆಸೆಗಳು ಒಂದಕ್ಕೊಂದು ವಿರುದ್ಧ. ಕ್ವಾಡ್ ಆ್ಯಕ್ಸೆಲ್ ಬೇಕು ಅಂದ್ರೆ ಕಾಲಿಗೆ ಅಪಾಯ. ಚಿನ್ನ ಬೇಕು ಅಂದ್ರೆ ಕ್ವಾಡ್ ಆ್ಯಕ್ಸೆಲ್ ಬಿಡೋದೇ ಜಾಣತನ.

ಅಂಕದ ಲೆಕ್ಕ ಹೀಗಿದೆ. ಕ್ವಾಡ್ ಆ್ಯಕ್ಸೆಲ್‌ನ ಮೂಲ ಬೆಲೆ 12.50. ಅದಕ್ಕಿಂತ ಸುಲಭವಾದ ಕ್ವಾಡ್ ಲುಟ್ಸ್‌ಗೆ 11.50. ಇಷ್ಟು ಕಷ್ಟಕ್ಕೆ ಒಂದೇ ಅಂಕ ಜಾಸ್ತಿ! ಟ್ರಿಪಲ್ ಆ್ಯಕ್ಸೆಲ್‌ಗೆ 8.00, ಅದನ್ನ ಅತ್ಯುತ್ತಮವಾಗಿ ಮಾಡಿದ್ರೆ ಗುಣಮಟ್ಟದ ಅಂಕ ಸೇರಿ 12.00 ತನಕ ಸಿಗುತ್ತೆ. ಹನ್ಯು ಟ್ರಿಪಲ್ ಆ್ಯಕ್ಸೆಲ್ ಅಂದ್ರೆ ಜಗತ್ತಿನಲ್ಲೇ ಹೆಸರುವಾಸಿ. ಅಂದ್ರೆ ಅವನಿಗೆ ಸುಲಭದ ದಾರಿಯಲ್ಲೇ ಹೆಚ್ಚು ಕಡಿಮೆ ಅಷ್ಟೇ ಅಂಕ ಇತ್ತು.

ಸೀಸನ್ ಶುರುವಿನಲ್ಲೇ ಮೂರನೇ ಆಸೆಗೆ ಏಟು ಬಿತ್ತು. ನವೆಂಬರ್‌ನಲ್ಲಿ ಬಲ ಪಾದದ ಲಿಗಮೆಂಟ್ ಮತ್ತೆ ಹೋಗಿ ಎರಡು ಗ್ರಾಂಡ್ ಪ್ರಿ ಸ್ಪರ್ಧೆಗಳನ್ನೂ ಬಿಟ್ಟ. ಡಿಸೆಂಬರ್‌ನ ಜಪಾನ್ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಮೊದಲ ಸಲ ಸ್ಪರ್ಧೆಯಲ್ಲಿ ಕ್ವಾಡ್ ಆ್ಯಕ್ಸೆಲ್ ಪ್ರಯತ್ನಿಸಿದ. ಎರಡೂ ಕಾಲಲ್ಲಿ ಇಳಿದ. ಸುತ್ತು ಸಾಲದೆ ಅದನ್ನ ಟ್ರಿಪಲ್ ಅಂತ ಲೆಕ್ಕ ಹಾಕಿದ್ರು. ಆದ್ರೂ 322.36 ಅಂಕದೊಂದಿಗೆ ಗೆದ್ದ.

ಬೀಜಿಂಗ್‌ನ ಎರಡು ದಿನ

ಫೆಬ್ರವರಿ 8, ಶಾರ್ಟ್ ಪ್ರೋಗ್ರಾಂ. ಮೊದಲ ಜಂಪ್ ಕ್ವಾಡ್ ಸಾಲ್ಕೋ. ಹಾರುವ ಕ್ಷಣದಲ್ಲಿ ಬ್ಲೇಡ್ ಐಸ್‌ನಲ್ಲಿದ್ದ ಒಂದು ತೂತಿಗೆ ಸಿಕ್ಕಿತು. ನಾಲ್ಕು ಸುತ್ತಿನ ಬದಲು ಒಂದೇ ಸುತ್ತು. ಶಾರ್ಟ್ ಪ್ರೋಗ್ರಾಂ ನಿಯಮದ ಪ್ರಕಾರ ಅದಕ್ಕೆ ಸೊನ್ನೆ. ಮಿಕ್ಕಿದ್ದೆಲ್ಲ ಚೆನ್ನಾಗಿ ಮಾಡಿದ್ರೂ 95.15 ಅಂಕ, ಎಂಟನೇ ಸ್ಥಾನ. ಅದೇ ದಿನ ಚೆನ್ 113.97ರ ವಿಶ್ವದಾಖಲೆ ಮಾಡಿದ. ಚಿನ್ನದ ಆಸೆ ಅಲ್ಲಿಗೆ ಹೆಚ್ಚು ಕಡಿಮೆ ಮುಗೀತು.

ಮರುದಿನ ಪ್ರಾಕ್ಟೀಸ್‌ನಲ್ಲಿ ಅದೇ ಬಲಗಾಲು ಉಳುಕಿತು. ಫೆಬ್ರವರಿ 10ರ ಫ್ರೀ ಸ್ಕೇಟ್‌ಗೆ ನೋವಿನ ಇಂಜೆಕ್ಷನ್ ತಗೊಂಡು ಇಳಿದ, ಅನ್ನೋದು ಹೊರಗೆ ಬಂದದ್ದು ನಾಲ್ಕು ದಿನದ ನಂತರ, ಅವನೇ ಪತ್ರಕರ್ತರಿಗೆ ಹೇಳಿದಾಗ. ಈಗ ಮೂರು ಆಸೆಗಳಲ್ಲಿ ಉಳಿದದ್ದು ಒಂದೇ.

ಮೊದಲ ಜಂಪ್, ಕ್ವಾಡ್ ಆ್ಯಕ್ಸೆಲ್. ಹಾರಿದ, ಸುತ್ತಿದ, ಬಲಗಾಲ ಮೇಲೆ ಇಳಿದ, ಬಿದ್ದ. ಎರಡನೇ ಜಂಪ್‌ನಲ್ಲೂ ಬಿದ್ದ. ಆಮೇಲೆ ಎದ್ದು ಉಳಿದದ್ದನ್ನ ಹಿಡಿತಕ್ಕೆ ತಂದುಕೊಂಡು ಕೊನೆ ತನಕ ಸ್ಕೇಟ್ ಮಾಡಿದ. 188.06. ಒಟ್ಟು 283.21, ನಾಲ್ಕನೇ ಸ್ಥಾನ.

ಆದ್ರೆ ಅಂಕಪಟ್ಟಿಯಲ್ಲಿ ಒಂದು ವಿಶೇಷ ಇತ್ತು. ಸುತ್ತು ಸ್ವಲ್ಪ ಕಡಿಮೆ ಅನ್ನೋ ಗುರುತಿನ ಜೊತೆಗೆ, ತೀರ್ಪುಗಾರರು ಆ ಜಂಪನ್ನ ಕ್ವಾಡ್ ಆ್ಯಕ್ಸೆಲ್ ಅಂತಲೇ ಬರೆದಿದ್ರು. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಆ ಹೆಸರು ಅಂಕಪಟ್ಟಿಗೆ ಬಂದದ್ದು ಅದೇ ಮೊದಲು.

ಹಾಗಾದ್ರೆ ಆ ಜಂಪ್ ಪದಕ ಕಳೀತಾ?

ಇದು ಈಗಲೂ ನಡೆಯೋ ವಾದ. ಲೆಕ್ಕ ಹಾಕಿಯೇ ನೋಡೋಣ. ಸುತ್ತು ಕಡಿಮೆಯಾದ್ದರಿಂದ 12.50ರಲ್ಲಿ ಸಿಕ್ಕಿದ್ದು ಶೇ 80, ಅಂದ್ರೆ 10.00. ಬಿದ್ದಿದ್ದಕ್ಕೆ ಅದರ ಅರ್ಧ ಕಳೆದು 5.00. ಬಿದ್ದ ದಂಡ ಇನ್ನೊಂದು ಅಂಕ. ಕೈಗೆ ಬಂದದ್ದು 4.00. ನಮ್ಮ ಸೆಮಿಸ್ಟರ್ ಪರೀಕ್ಷೆಯ ಸ್ಟೆಪ್ ಮಾರ್ಕ್ಸ್ ಥರ.

ಅದರ ಬದಲು ಅತ್ಯುತ್ತಮ ಟ್ರಿಪಲ್ ಆ್ಯಕ್ಸೆಲ್ ಮಾಡಿ 12.00 ತಗೊಂಡಿದ್ರೂ 8 ಅಂಕ ಹೆಚ್ಚಾಗಿ 291.21 ಆಗ್ತಿತ್ತು. ಕಂಚಿನ ಉನೊ ಅಂಕ 293.00. ಸಾಲ್ತಿರಲಿಲ್ಲ! ಬದಲಿಗೆ ಶಾರ್ಟ್ ಪ್ರೋಗ್ರಾಂನ ಆ ತೂತಿನ ಜಂಪ್ ನೋಡಿ. ಕ್ವಾಡ್ ಸಾಲ್ಕೋ ಮೂಲ ಬೆಲೆ 9.70. ಅದು ಸಿಕ್ಕಿದ್ರೆ 292.91. ಚೆನ್ನಾಗಿ ಇಳಿದಿದ್ದಕ್ಕೆ ಒಂದು ಅಂಕ ಸೇರಿದ್ರೂ ಕಂಚು. ಬಿದ್ದಾಗ ಕಲಾ ಅಂಕಗಳೂ ಸ್ವಲ್ಪ ಕಡಿಮೆ ಆಗ್ತವೆ ಅನ್ನೋದು ನಿಜ, ಆದ್ರೂ ‘ಹಠ ಮಾಡಿ ಪದಕ ಕಳ್ಕೊಂಡ’ ಅನ್ನೋ ಮಾತಿಗೆ ಲೆಕ್ಕದ ಆಧಾರ ತೆಳು. ತಾನು ಆರಿಸಿಕೊಂಡ ಅಪಾಯಕ್ಕಿಂತ, ತಾನು ಆರಿಸಿಕೊಳ್ಳದ ಒಂದು ತೂತು ಅವನಿಗೆ ದುಬಾರಿ ಆಯ್ತು.

ಆಮೇಲೆ

2022ರ ಜುಲೈ 19ರಂದು ಟೋಕಿಯೊದಲ್ಲಿ ಹನ್ಯು ಸ್ಪರ್ಧೆಗಳಿಗೆ ವಿದಾಯ ಹೇಳಿದ. ಇನ್ಮೇಲೆ ವೃತ್ತಿಪರ ಸ್ಕೇಟರ್, ಪ್ರದರ್ಶನಗಳು ಮಾತ್ರ. 2023ರ ಫೆಬ್ರವರಿಯಲ್ಲಿ ಟೋಕಿಯೊ ಡೋಮ್‌ನಲ್ಲಿ ಅವನೊಬ್ಬನೇ ಮಾಡಿದ ಐಸ್ ಶೋಗೆ ಸುಮಾರು 35,000 ಜನ ಬಂದಿದ್ರು.

ಕ್ವಾಡ್ ಆ್ಯಕ್ಸೆಲ್ ಏನಾಯ್ತು? ವಿದಾಯ ಹೇಳಿ ಎರಡು ತಿಂಗಳೂ ಆಗಿರಲಿಲ್ಲ. 2022ರ ಸೆಪ್ಟೆಂಬರ್ 14ರಂದು ಅಮೆರಿಕದ ಲೇಕ್ ಪ್ಲ್ಯಾಸಿಡ್‌ನಲ್ಲಿ 17 ವರ್ಷದ ಇಲಿಯಾ ಮಲಿನಿನ್ ಅದನ್ನ ಪೂರ್ತಿ ಸುತ್ತಿ ಸ್ವಚ್ಛವಾಗಿ ಇಳಿದ. ತನಗೆ ಸ್ಫೂರ್ತಿ ಹನ್ಯು ಅಂತ ಅವನೇ ಹೇಳಿದ್ದಾನೆ. 1882, 1948, 1978ರ ಸಾಲಿನಲ್ಲಿ ಈಗ 2022 ಇದೆ, ಆ ವರ್ಷದ ಎದುರು ಇರೋದು ಮಲಿನಿನ್ ಹೆಸರು.

ಹಾಗಾದ್ರೆ ಅಭಿಮಾನಿಗಳ ಆಸೆಗಳಲ್ಲಿ ಎಷ್ಟು ಈಡೇರಿತು? ಚಿನ್ನ ಬರಲಿಲ್ಲ. ಕಾಲು ಉಳೀಲಿಲ್ಲ. ಕ್ವಾಡ್ ಆ್ಯಕ್ಸೆಲ್ ಅರ್ಧಂಬರ್ಧ. ಮಾರ್ಕ್ಸ್ ಕಾರ್ಡ್ ನೋಡಿದ್ರೆ ಫೇಲ್.

ಆದ್ರೆ ನನಗನ್ನಿಸೋದು, ಎಲ್ಲ ಗೆದ್ದಾಗಿರೋ ಆಟಗಾರನ ಕೊನೆ ಸೀಸನ್‌ನಲ್ಲಿ ಅಭಿಮಾನಿ ಕೇಳೋದು ಇನ್ನೊಂದು ಪದಕ ಅಲ್ಲ. ಈ ಮನುಷ್ಯ ತನಗೆ ಬೇಕಾದ್ದನ್ನ ಮಾಡೋಕೆ ಹೋಗದೆ, ಸುಮ್ಮನೆ ಸೇಫಾಗಿ ಆಡಿ ಮನೆಗೆ ಹೋಗಬಾರದು ಅಂತ. ಅದೇ ಹೊತ್ತಿಗೆ ಅವನಿಗೆ ನೋವಾಗಬಾರದು ಅಂತಲೂ. ಈ ಎರಡೂ ಒಟ್ಟಿಗೆ ಸಿಗೋದು ಅಪರೂಪ, ಹನ್ಯು ವಿಷಯದಲ್ಲಿ ಸಿಗಲಿಲ್ಲ. ಆಯ್ಕೆ ಮಾಡಬೇಕಾದವನು ಅವನು, ಗ್ಯಾಲರಿಯಲ್ಲಿ ಕೂತವರಲ್ಲ. ಅವನು ಮಾಡಿದ.

ಯೂಟ್ಯೂಬ್‌ನಲ್ಲಿ ಆ ಫ್ರೀ ಸ್ಕೇಟ್ ಸಿಕ್ಕಿದ್ರೆ ನೋಡಿ. ಬೀಳೋ ಜಾಗಕ್ಕೆ ನಿಲ್ಲಿಸಬೇಡಿ. ಎದ್ದ ಮೇಲೆ ಇನ್ನೂ ಮೂರೂವರೆ ನಿಮಿಷ ಇದೆ.